ಬುಧವಾರ ಅವರ ಊರಿನ ಸಂತೆ
ಕ್ಯಾನ್ಸರ್ ಡೇ ಕೇರ್‌ಗೆ (ಚಿಕಿತ್ಸೆ ಪಡೆದು ಅದೇ ದಿನ ಮನೆಗೆ ಹೋಗುವವರ ವಿಭಾಗಕ್ಕೆ) ಕೀಮೋ ಔಷಧಿ ಬೆರೆಸಿಕೊಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ.

ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇರುವವರಿಗೆ ಬೋರ್ಟೆಜೋಮಿಬ್ ಇಂಜೆಕ್ಷನ್ ಕೊಡುತ್ತೇವೆ. ಎತ್ತರ, ತೂಕ ನೋಡಿ ಡೋಸ್ ಲೆಕ್ಕ: ಮೈಯ ಹೊರಮೈ ವಿಸ್ತೀರ್ಣದ ಒಂದು ಚದರ ಮೀಟರ್‌ಗೆ 1.3 ಮಿ.ಗ್ರಾಂ. ಸಣ್ಣ ಮೈಕಟ್ಟಿನವರಿಗೆ ಒಟ್ಟು 1.7 ಮಿ.ಗ್ರಾಂ ಸಾಕು. ನಮ್ಮಲ್ಲಿದ್ದ ವಯಲ್ (ಔಷಧಿಯ ಪುಟ್ಟ ಸೀಸೆ) 3.5 ಮಿ.ಗ್ರಾಂನದು. ಬೆರೆಸಿದ ಮೇಲೆ 8 ಗಂಟೆಯೊಳಗೆ ಬಳಸಬೇಕು. ಇಲ್ಲದಿದ್ದರೆ ಉಳಿದರ್ಧ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ. ಅದನ್ನು ಎಲ್ಲೆಂದರಲ್ಲಿ ಸುಡುವಂತಿಲ್ಲ, 1200 ಡಿಗ್ರಿಗೂ ಜಾಸ್ತಿ ಶಾಖ ಬೇಕು. ಯಾರೋ ಸಾಲ ಮಾಡಿ ತಂದ ಔಷಧಿ, ಅದನ್ನು ಸುಡೋದಕ್ಕೆ ಮತ್ತೆ ಇಂಧನ. ನನಗೆ ಹೊಟ್ಟೆ ಉರಿಯುತ್ತಿತ್ತು.

ಅದಕ್ಕೇ ವಾರಕ್ಕೊಮ್ಮೆ ಬರುವವರನ್ನೆಲ್ಲ ಬುಧವಾರಕ್ಕೆ ಸೇರಿಸಿದೆವು. ಇಬ್ಬರಿಗೆ ಒಂದು ವಯಲ್. ಹಳದಿ ಚೀಲ ಹಗುರಾಯಿತು, ಬಿಲ್ಲೂ ಇಳಿಯಿತು.

ಮೂರನೇ ವಾರ ರಾಯಚೂರು ಕಡೆಯ ಒಬ್ಬ ಅಮ್ಮ ಬರಲಿಲ್ಲ. ಫೋನ್ ಮಾಡಿದೆ. ಬುಧವಾರ ಅವರ ಊರಿನ ಸಂತೆಯಂತೆ. ವಾರದ ದುಡಿಮೆಯೆಲ್ಲ ಆವತ್ತೇ. ಜೊತೆಗೆ ಬರಬೇಕಾದ ಮಗ ತರಕಾರಿ ಅಂಗಡಿ ಹಾಕುತ್ತಾನೆ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಮಗನಿಗೆ ಟಿಕೆಟ್ ಆಗಬೇಕು, ಸಂತೆಯ ದುಡಿಮೆಯೂ ಹೋಗುತ್ತದೆ. "ನೀವು ಕೇಳಲಿಲ್ಲ, ನಾವು ಹೇಳಲಿಲ್ಲ" ಅಂದರು. ಒಂದು ಡೋಸ್ ತಪ್ಪಿಹೋಗಿತ್ತು. ಇದು ನಮ್ಮ ತಪ್ಪೇ. ಔಷಧಿ ಉಳಿಸುವ ಲೆಕ್ಕದಲ್ಲಿ ಅವರ ದಿನದ ಲೆಕ್ಕ ಹಾಕಿರಲಿಲ್ಲ.

ಈಗ ದಿನ ಗೊತ್ತು ಮಾಡುವ ಮೊದಲು ಎರಡು ಪ್ರಶ್ನೆ ಕೇಳುತ್ತೇವೆ: ಕೂಲಿ ಯಾವ ದಿನ ತಪ್ಪಿದರೆ ಕಷ್ಟ? ಬಸ್ಸು ಯಾವಾಗ? ಗುಂಪು ಮಾಡುವುದನ್ನು ಬಿಟ್ಟಿಲ್ಲ, ಸೋಮವಾರ ಮತ್ತು ಗುರುವಾರ ಎರಡು ಗುಂಪು ಮಾಡಿದ್ದೇವೆ. 2 ಮಿ.ಗ್ರಾಂ ವಯಲ್ ಕೂಡ ತರಿಸಿಡುತ್ತೇವೆ. ಇದನ್ನು ಮೊದಲೇ ಮಾಡಬಹುದಿತ್ತು, ಅಲ್ವಾ?

ನನಗೆ ಇನ್ನೂ ಕಾಡುವುದು ಬೇರೆ. ಚರ್ಮದಡಿ ಚುಚ್ಚುವ ಈ ಇಂಜೆಕ್ಷನ್‌ಗೆ ಹಿಡಿಯುವುದು ಕೆಲವೇ ಕ್ಷಣ. ಅದಕ್ಕಾಗಿ ಆ ಅಮ್ಮ ಸುಮಾರು 400 ಕಿ.ಮೀ. ರಾತ್ರಿ ಬಸ್ಸಿನಲ್ಲಿ ಕೂರುತ್ತಾರೆ. ಔಷಧಿ ಬೆರೆಸುವ ಸುರಕ್ಷಿತ ಕ್ಯಾಬಿನೆಟ್ಟೂ ಕಲಿತ ಕೈಗಳೂ ಅವರ ಹತ್ತಿರದಲ್ಲೇ ಇರಬೇಕು.

ಸದ್ಯಕ್ಕೆ ಅವರು ಶುಕ್ರವಾರ ಬರುತ್ತಾರೆ. ಆವತ್ತು ಈ ಔಷಧಿಗೆ ಬೇರೆ ಯಾರೂ ಇಲ್ಲ. ಚಿಕ್ಕ ವಯಲ್ ತೆರೆಯುತ್ತೇನೆ, 0.3 ಮಿ.ಗ್ರಾಂ ಹಳದಿ ಚೀಲಕ್ಕೆ ಹೋಗುತ್ತದೆ. ಹೋಗಲಿ.