ವಾರ್ಷಿಕ ತಪಾಸಣೆಗೆ ಹಳೇ ಬೈಕಿನ ತಯಾರಿ: ಇಲ್ಲಿವರೆಗೆ ಆದ ಕೆಲಸ

ತಪಾಸಣೆಗೆ ಇನ್ನೂ ಸ್ವಲ್ಪ ಟೈಮ್ ಇದೆ. ಈ ಸಲ ಬೈಕನ್ನು ಅಲ್ಲಿಗೆ ಒಯ್ಯುವ ಮೊದಲು, ತಪಾಸಣೆ ಮಾಡುವವರು ಏನೇನು ಮುಟ್ಟಿ ನೋಡುತ್ತಾರೋ ಅದನ್ನೆಲ್ಲ ನಾನೇ ಒಮ್ಮೆ ಮುಟ್ಟಿ ನೋಡುತ್ತಿದ್ದೇನೆ. ಬೈಕಿಗೆ ಮೂವತ್ತು ವರ್ಷ ದಾಟಿದೆ. ಒಂದೇ ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್, ಸ್ಪೋಕ್ ಚಕ್ರ. ಇಂಜಿನ್ ಗಟ್ಟಿಯಾಗಿದೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಹಳೇ ಬೈಕು ಇಟ್ಟುಕೊಂಡವರು ಸಾಮಾನ್ಯವಾಗಿ ಇಂಜಿನ್ ಮೇಲೆಯೇ ಪ್ರಾಣ ಇಟ್ಟಿರುತ್ತಾರೆ. ಆದರೆ ಫೇಲ್ ಆಗುವುದು ಇಂಜಿನ್‌ನಿಂದ ಅಪರೂಪ. ರಬ್ಬರ್, ಗ್ರೀಸ್, ತುಕ್ಕು, ವೈರಿಂಗ್, ಇವುಗಳಿಂದಲೇ ಜಾಸ್ತಿ. ಅದರಲ್ಲೂ ಕಿಲೋಮೀಟರ್ ಓಡಿ ಸವೆದ ಭಾಗಗಳಿಗಿಂತ, ತಿಂಗಳುಗಟ್ಟಲೆ ನಿಂತು ಕೆಟ್ಟ ಭಾಗಗಳೇ ಹೆಚ್ಚು ತೊಂದರೆ ಕೊಡುತ್ತವೆ ಅನ್ನುವುದು ಈ ಕೆಲಸ ಮಾಡುತ್ತಾ ನನಗೆ ಗಟ್ಟಿಯಾಗುತ್ತಿರುವ ಅಭಿಪ್ರಾಯ.

ಹ್ಯಾಂಡಲ್ ಮತ್ತು ಫೋರ್ಕ್

ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಟ್ಟೆ. ಮುಂದಿನ ಚಕ್ರ ನೆಲ ಬಿಟ್ಟಿತು. ಹ್ಯಾಂಡಲನ್ನು ಎರಡೇ ಬೆರಳಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದೆ. ಚಕ್ರ ನೇರಕ್ಕೆ ಬರುವ ಜಾಗದಲ್ಲಿ ಸಣ್ಣಗೆ ‘ಕಟಕ್’ ಅಂತ ಹಿಡಿದುಕೊಂಡಿತು. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ ಅಂತ ಅಲ್ಲೇ ಗೊತ್ತಾಯಿತು.

ಇದು ಯಾಕೆ ಹೀಗಾಗುತ್ತದೆ ಅಂದರೆ, ಬೈಕು ಹೆಚ್ಚಿನ ಹೊತ್ತು ನೇರವಾಗಿಯೇ ಓಡುತ್ತದೆ. ಬೇರಿಂಗ್ ಗುಂಡುಗಳು ಅದೇ ಜಾಗದಲ್ಲಿ ಕೂತಿರುತ್ತವೆ. ರಸ್ತೆಯ ಹೊಡೆತವೆಲ್ಲ ಅಲ್ಲೇ ಬಿದ್ದು ಅವು ಕೂರುವ ಬಟ್ಟಲಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಗ್ರೀಸ್ ಒಣಗಿದ್ದರೆ ಇನ್ನೂ ಬೇಗ. ದಿನಾ ಓಡಿಸುವವರಿಗೆ ಇದು ತಿಳಿಯುವುದೇ ಇಲ್ಲ. ತೊಂದರೆ ಎಷ್ಟು ನಿಧಾನವಾಗಿ ಬೆಳೆಯುತ್ತದೋ ಕೈ ಅಷ್ಟೇ ನಿಧಾನವಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಚಕ್ರ ಎತ್ತಿ ತಿರುಗಿಸುವ ಇನ್ನೊಬ್ಬರ ಕೈಗೆ ಒಂದೇ ಸಲಕ್ಕೆ ಸಿಕ್ಕಿಬಿಡುತ್ತದೆ.

ಮೇಲಿನ ನಟ್ ಬಿಗಿ ಮಾಡಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಗಿ ಮಾಡಿದಷ್ಟೂ ಆ ಗುಳಿಗಳಲ್ಲಿ ಗುಂಡು ಜೋರಾಗಿ ಕೂರುತ್ತದೆ, ಹ್ಯಾಂಡಲ್ ನಡುವಿನಲ್ಲಿ ಹಿಡಿಯುತ್ತದೆ. ಸಡಿಲ ಬಿಟ್ಟರೆ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಪೈಪುಗಳು) ಹಿಂದೆ ಮುಂದೆ ಅಲ್ಲಾಡುತ್ತದೆ, ಬ್ರೇಕ್ ಹಿಡಿದಾಗ ‘ಟಕ್’ ಅನ್ನುತ್ತದೆ. ಎರಡರಲ್ಲಿ ಯಾವುದಿದ್ದರೂ ಫೇಲ್. ಫೇಲ್ ಮಾತು ಬಿಡಿ, ಆ ಹ್ಯಾಂಡಲ್ ಹಿಡಿದು ತಿರುವಿಗೆ ಇಳಿಯುವುದೇ ಅಪಾಯ.

ಹಳೇ ಗುಂಡಿನ ಸೆಟ್ ತೆಗೆದು ಟೇಪರ್ ರೋಲರ್ ಬೇರಿಂಗ್ ಹಾಕಿದೆ. ಗುಂಡು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮುಟ್ಟುತ್ತದೆ, ರೋಲರ್ ಉದ್ದಕ್ಕೂ ಮುಟ್ಟುತ್ತದೆ. ಭಾರ ಹಂಚಿಹೋಗುವುದರಿಂದ ಗುಳಿ ಬೀಳುವುದು ಕಡಿಮೆ. ಬಿಗಿ ಸರಿಯಾಗಿದೆಯಾ ಅಂತ ನೋಡುವುದು ಸುಲಭ: ಚಕ್ರ ಗಾಳಿಯಲ್ಲಿದ್ದಾಗ ಹ್ಯಾಂಡಲನ್ನು ಸ್ವಲ್ಪ ತಳ್ಳಿದರೆ ತನ್ನ ಭಾರಕ್ಕೆ ತಾನೇ ಕೊನೆವರೆಗೆ ಬೀಳಬೇಕು, ಫೋರ್ಕ್ ಹಿಡಿದು ಎಳೆದರೆ ಆಟ ಇರಬಾರದು.

ಫೋರ್ಕ್ ಹೇಗೂ ಹೊರಗೆ ಬಂದಿತ್ತು, ಹಾಗಾಗಿ ಒಳಗಿನ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಕೂಡ ನೋಡಿದೆ. ಎಡಗಡೆ ಪೈಪಿನಲ್ಲಿ ಎಣ್ಣೆಯ ಗೆರೆ ಇತ್ತು. ಕ್ರೋಮ್ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆಗಳು. ಫೋರ್ಕ್ ಒಳಕ್ಕೆ ಹೋದಾಗಲೆಲ್ಲ ಆ ಚುಕ್ಕೆಗಳು ಸೀಲಿನ ತುಟಿಯನ್ನು ಕೊಯ್ಯುತ್ತವೆ. ಬೈಕು ತೇವದಲ್ಲಿ ನಿಂತಾಗ ಹುಟ್ಟುವ ತುಕ್ಕು ಇದು. ಪೈಪ್ ಹಾಗೇ ಬಿಟ್ಟು ಸೀಲ್ ಮಾತ್ರ ಬದಲಿಸಿದರೆ ಮತ್ತೆ ಸ್ವಲ್ಪ ದಿನಕ್ಕೆ ಸೋರುತ್ತದೆ. ಸೀಲ್ ಓಡಾಡದ ಮೇಲ್ಭಾಗದಲ್ಲಿ ಚುಕ್ಕೆ ಇದ್ದರೆ ಸೀಲಿಗೆ ಏನೂ ಆಗದು. ನನ್ನದು ಸೀಲ್ ಓಡಾಡುವ ಜಾಗದಲ್ಲೇ ಇತ್ತು, ಆದ್ದರಿಂದ ಬೇರೆ ಪೈಪ್ ಹಾಕಬೇಕಾಯಿತು. ಹಾಕುವ ಮೊದಲು ಗಾಜಿನ ಹಾಳೆಯ ಮೇಲೆ ಉರುಳಿಸಿ ನೋಡಿದೆ. ಪೈಪ್ ಬಾಗಿದ್ದರೆ ಕೆಳಗೆ ಬೆಳಕಿನ ಸಂದು ಕಾಣುತ್ತದೆ.

ಸೋರಿದ ಎಣ್ಣೆ ಡಿಸ್ಕ್ ತನಕ ಹೋಗಿದೆಯಾ ಅಂತಲೂ ನೋಡಲೇಬೇಕು. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ತೊಳೆದರೆ ನಂಬಿಕೆಗೆ ಬರುವುದಿಲ್ಲ, ಹೊಸದೇ ಹಾಕಬೇಕು.

ಬ್ರೇಕ್

ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದೆ, ಚೆನ್ನಾಗಿ ತಿರುಗಿತು. ಲಿವರ್ ಒಮ್ಮೆ ಒತ್ತಿ ಬಿಟ್ಟು ಮತ್ತೆ ತಿರುಗಿಸಿದೆ. ಈಗ ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಹಿಡಿಯುತ್ತಿದೆ, ಬಿಡುತ್ತಿಲ್ಲ.

ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಒಳಗೆ ಪಿಸ್ಟನ್ನನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ. ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಿದಾಗ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪಿಸ್ಟನ್ ಮೇಲೆ ತುಕ್ಕು ಅಥವಾ ಒಣಗಿದ ಕೊಳೆ ಇದ್ದರೆ ಆ ಸಣ್ಣ ಶಕ್ತಿ ಸಾಲದು. ಬಿಚ್ಚಿ ನೋಡಿದಾಗ ಪಿಸ್ಟನ್ ಮೇಲೆ ಕಂದು ಪಟ್ಟೆ ಇತ್ತು. ಪಿಸ್ಟನ್, ಸೀಲ್, ಹೋಸ್ ಎಲ್ಲ ಬದಲಾಯಿಸಿದೆ. ಹಳೇ ಹೋಸ್ ಹೊರಗಿನಿಂದ ಪರವಾಗಿಲ್ಲ ಅನ್ನಿಸಿತ್ತು. ಬಾಗಿಸಿ ನೋಡಿದರೆ ಮಡಿಕೆಯಲ್ಲಿ ಸಾಲು ಸಾಲು ಬಿರುಕು. ನೇರ ಇದ್ದಾಗ ಅವು ಮುಚ್ಚಿಕೊಂಡಿರುತ್ತವೆ, ಹಾಗಾಗಿ ಬಾಗಿಸಿಯೇ ನೋಡಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಡಾಟ್ 3, ಡಾಟ್ 4 ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ. ನೀರು ಸೇರಿದ ಆಯಿಲಿಗೆ ಅದೇ ಮಾನದಂಡದಲ್ಲಿ 155 ಡಿಗ್ರಿ. ಅಷ್ಟು ಇಳಿದರೆ ಉದ್ದದ ಇಳಿಜಾರಿನಲ್ಲಿ ಆಯಿಲ್ ಕುದಿದು ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಒಳಗಿನ ತುಕ್ಕಿಗೂ ಆ ನೀರೇ ಕಾರಣ. ಬೈಕು ಓಡಲಿ ಬಿಡಲಿ, ಆಯಿಲ್ ಮಾತ್ರ ನೀರು ಕುಡಿಯುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಸಿಲಿಕೋನ್‌ನಿಂದ ಮಾಡಿದ ಡಾಟ್ 5 ಬೇರೆಯೇ ಜಾತಿ, ಇದರ ಜೊತೆ ಬೆರೆಸಬಾರದು.

ಹಿಂದಿನ ಡ್ರಮ್ ಸುಲಭದಲ್ಲಿ ಮುಗಿಯಿತು. ಬ್ರೇಕ್ ಪೂರ್ತಿ ಒತ್ತಿದಾಗ ರಾಡ್ ಮತ್ತು ಕ್ಯಾಮ್ ತೋಳಿನ (ಡ್ರಮ್ ಒಳಗಿನ ಬ್ರೇಕ್ ಶೂಗಳನ್ನು ಅಗಲಿಸುವ ತೋಳು) ನಡುವಿನ ಕೋನ ಸುಮಾರು 90 ಡಿಗ್ರಿ ಇರಬೇಕು. ಅದನ್ನು ತುಂಬಾ ದಾಟಿದರೆ ಶೂ ಸವೆದಿದೆ ಅಂತ ಲೆಕ್ಕ, ಕಾಲಿನ ಬಲವೂ ವ್ಯರ್ಥವಾಗುತ್ತದೆ. ನನ್ನದರಲ್ಲಿ ಶೂ ದಪ್ಪ ಸಾಕಷ್ಟಿತ್ತು. ಆದರೆ ಡ್ರಮ್ ತಟ್ಟೆ ತಿರುಗದಂತೆ ಹಿಡಿಯುವ ಪಟ್ಟಿಯ ನಟ್ಟಿಗೆ ಸ್ಪ್ಲಿಟ್ ಪಿನ್ ಇರಲಿಲ್ಲ. ಇಷ್ಟು ಚಿಕ್ಕ ತಂತಿಗೂ ಫೇಲ್ ಮಾಡುತ್ತಾರೆ, ಮಾಡಲೇಬೇಕು. ಆ ನಟ್ ಕಳಚಿ ಪಟ್ಟಿ ಬಿದ್ದರೆ ಬ್ರೇಕ್ ಒತ್ತಿದ ತಕ್ಷಣ ತಟ್ಟೆ ಚಕ್ರದ ಜೊತೆಗೇ ಸುತ್ತಿ ಎಲ್ಲವನ್ನೂ ಮುರಿಯುತ್ತದೆ. ಡ್ರಮ್ ಒಳಗಿನ ಧೂಳನ್ನು ಊದಬೇಡಿ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಹಿಂದಿನ ಚಕ್ರ, ಚೈನ್, ಟೈರ್

ಹಿಂದಿನ ಚಕ್ರವನ್ನು ಪಕ್ಕಕ್ಕೆ ತಳ್ಳಿದಾಗ ಸ್ವಲ್ಪ ಆಟ ಇತ್ತು. ಚಕ್ರದ ಬೇರಿಂಗ್ ಹೋಗಿದೆಯೋ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್ ಹೋಗಿದೆಯೋ ತಿಳಿಯಲು ಒಂದು ಕೈ ಸ್ವಿಂಗ್ ಆರ್ಮ್ ಮೇಲೆ, ಇನ್ನೊಂದು ಕೈ ಟೈರ್ ಮೇಲೆ ಇಟ್ಟು ಅಲ್ಲಾಡಿಸಬೇಕು. ಎರಡೂ ಒಟ್ಟಿಗೆ ಅಲ್ಲಾಡಿದರೆ ಬುಷ್. ಟೈರ್ ಮಾತ್ರ ಅಲ್ಲಾಡಿದರೆ ಬೇರಿಂಗ್. ನನ್ನದು ಬೇರಿಂಗ್, ಬದಲಾಯಿಸಿಯಾಯಿತು.

ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅತಿ ಬಿಗಿಯಾಗುವ ಜಾಗ ಹುಡುಕಿ ಅಲ್ಲೇ ಸಡಿಲ ಅಳೆಯಬೇಕು, ಇಲ್ಲದಿದ್ದರೆ ಆ ಜಾಗ ಬಂದಾಗಲೆಲ್ಲ ಗೇರ್‌ಬಾಕ್ಸ್ ಬೇರಿಂಗಿಗೆ ಹೊಡೆತ. ಚೈನ್ ಕೂರುವ ಸ್ಪ್ರಾಕೆಟ್ ಚಕ್ರದ ಹಲ್ಲು ಕೊಕ್ಕೆಯಂತೆ ಬಾಗಿತ್ತು. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಸೇರಿಸಿ ಒಂದೇ ಸಲಕ್ಕೆ ಬದಲಾಯಿಸಲು ತೆಗೆದಿಟ್ಟಿದ್ದೇನೆ.

ಟೈರ್ ನೋಡಿ ಬೇಜಾರಾಯಿತು. ರಸ್ತೆ ಹಿಡಿಯುವ ಬಟನ್ ಚೆನ್ನಾಗಿದೆ, ಕಾನೂನು ಕೇಳುವ ಆಳಕ್ಕಿಂತ ಜಾಸ್ತಿಯೇ ಇದೆ. ಆದರೆ ಪಕ್ಕದ ಗೋಡೆಯಲ್ಲಿ ಬಿರುಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2314 ಅಂದರೆ 2014ರ 23ನೇ ವಾರ ತಯಾರಾದದ್ದು. ನನ್ನ ಹಿಂದಿನ ಟೈರ್ ಅದೇ ಸುಮಾರಿನದು. ಓಡಿದ್ದು ಕಡಿಮೆ, ನಿಂತದ್ದು ಜಾಸ್ತಿ. ಬದಲಾಯಿಸುವುದೇ ಸರಿ, ಅಲ್ವಾ? ಹೊಸ ಟೈರ್ ಕೂರಿಸುವಾಗ ಬದಿಯಲ್ಲಿರುವ ಬಾಣದ ಗುರುತು ತಿರುಗುವ ದಿಕ್ಕಿಗೇ ಇರಲಿ. ಸ್ಪೋಕ್‌ಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಬಿಗಿಯಾದದ್ದು ‘ಟಿಣ್’ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ವೈರಿಂಗ್: ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು

ಹಿಂದಿನ ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್ ಬರುತ್ತಿತ್ತು, ಜೊತೆಗೆ ಇಂಡಿಕೇಟರ್ ಬಲ್ಬುಗಳೂ ಮಂಕಾಗಿ ಮಿನುಗುತ್ತಿದ್ದವು. ಹೀಗೆ ಒಂದು ಒತ್ತಿದರೆ ಇನ್ನೊಂದು ಹತ್ತುತ್ತಿದ್ದರೆ ಅರ್ಥಿಂಗ್ ಕಡೆಗೇ ಮೊದಲು ನೋಡಬೇಕು. ಕರೆಂಟಿಗೆ ಬ್ಯಾಟರಿಗೆ ಮರಳುವ ಸರಿಯಾದ ದಾರಿ ಸಿಗದೆ, ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಹಳೇ ಬೈಕಿನಲ್ಲಿ ಎಷ್ಟೋ ಕಡೆ ಫ್ರೇಮೇ ಅರ್ಥ್ ವೈರಿನ ಕೆಲಸ ಮಾಡುತ್ತದೆ. ಬೋಲ್ಟಿನ ಕೆಳಗೆ ತುಕ್ಕು ಅಥವಾ ಹೊಸ ಪೇಂಟ್ ಬಂದರೆ ಆ ದಾರಿ ಮುಚ್ಚಿತು. ಚೆಂದ ಪೇಂಟ್ ಮಾಡಿಸಿದ ಬೈಕುಗಳಲ್ಲಿ ಲೈಟಿನ ತೊಂದರೆ ಬರುವುದು ಹೀಗೇ.

ಊಹೆ ಮಾಡದೆ ಅಳೆಯುವುದು ಒಳ್ಳೆಯದು. ಲೈಟ್ ಹಾಕಿಟ್ಟು, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಲ್ಬ್ ಹೋಲ್ಡರಿನ ಮೈಗೆ ಇಟ್ಟೆ. ಸೊನ್ನೆಯ ಹತ್ತಿರ ತೋರಿಸಬೇಕಾದ ಜಾಗದಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ತೋರಿಸಿತು. ಹಿಂದಿನ ಲೈಟಿನಿಂದ ಬ್ಯಾಟರಿವರೆಗೆ ಬೇರೆಯೇ ಒಂದು ಅರ್ಥ್ ವೈರ್ ಎಳೆದೆ. ಹೋಲ್ಡರ್ ಒಳಗಿನ ಹಸಿರು ಕಿಲುಬು ಉಜ್ಜಿ ತೆಗೆದೆ. ಮಿನುಗುವುದು ನಿಂತಿತು.

ಹೆಡ್‌ಲೈಟಿಗೂ ಇದೇ ಪರೀಕ್ಷೆ ಮಾಡಿ. ಫಿಲಮೆಂಟ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಬಲ್ಬ್ ಬದಲಿಸಿ ಬದಲಿಸಿ ಸುಸ್ತಾದವರು ಒಮ್ಮೆ ಸ್ವಿಚ್ಚಿನ ಪಾಯಿಂಟ್ ತೆಗೆದು ನೋಡಿದರೆ ಉತ್ತರ ಅಲ್ಲೇ ಇರಬಹುದು. ಹೆಡ್‌ಲೈಟ್ ಒಳಗಿನ ಬೆಳ್ಳಿ ಬಣ್ಣದ ಬಟ್ಟಲು ಕಪ್ಪಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಬದಲಿಸಬೇಕು.

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಎಲ್‌ಇಡಿ ಹಾಕಿದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಎಲ್‌ಇಡಿ ಎಳೆಯುವ ಕರೆಂಟ್ ತುಂಬಾ ಕಡಿಮೆ, ಇಂಡಿಕೇಟರ್ ಮಿನುಗಿಸುವ ಹಳೇ ಫ್ಲ್ಯಾಶರಿಗೆ ಅದು ಸಾಲದೆ ಲಯ ತಪ್ಪುತ್ತದೆ ಇಲ್ಲವೇ ಮಿನುಗುವುದೇ ಇಲ್ಲ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಬೇಕು. ನಾನು ಮೂಲ ಬಲ್ಬುಗಳನ್ನೇ ಉಳಿಸಿಕೊಂಡಿದ್ದೇನೆ.

ಸೈಲೆನ್ಸರ್

ಕೆಳಭಾಗದಲ್ಲಿ ಸೂಜಿ ತೂರುವಷ್ಟು ತೂತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೈಪ್ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಸುಮ್ನೆ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡಿದರೆ ನೀರು ಒಳಗೇ ನಿಂತು ತಳದಿಂದ ತಿನ್ನುತ್ತದೆ. ‘ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡ್ತೀನಿ’ ಅನ್ನುವವರು ಇದನ್ನು ಗಮನಿಸಬೇಕು. ಒಂದೋ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ಇಲ್ಲ ಮುಟ್ಟದೆ ಬಿಡಿ. ತೂತಿಗೆ ಸದ್ಯ ವೆಲ್ಡ್ ಹಾಕಿದೆ, ಸೋರುವ ಸದ್ದು ಹೋಗಿದೆ.

ಇನ್ನು ಉಳಿದದ್ದು

ಚೈನ್ ಸೆಟ್ ಮತ್ತು ಹಿಂದಿನ ಟೈರ್ ಹಾಕಬೇಕು. ಫ್ರೇಮ್ ನಂಬರ್ ಮೇಲಿನ ಪೇಂಟ್ ಕೆರೆದು ಓದಲು ಬರುವಂತೆ ಮಾಡಬೇಕು. ಹೊಸ ಬೇರಿಂಗ್ ಹಾಕುವಾಗ ಕೇಬಲ್‌ಗಳ ದಾರಿ ಬದಲಾಗಿರುತ್ತದೆ, ಆದ್ದರಿಂದ ಇಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಬೇಕು. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಹೆಡ್‌ಲೈಟ್ ಎತ್ತರವನ್ನು ಟೈರ್ ಹಾಕಿ, ಗಾಳಿ ಸರಿ ಮಾಡಿ, ಒಬ್ಬರು ಸೀಟಿನ ಮೇಲೆ ಕೂತ ಮೇಲೆಯೇ ಗೋಡೆಗೆ ಬಿಟ್ಟು ಹೊಂದಿಸುತ್ತೇನೆ. ಮೊದಲೇ ಮಾಡಿದರೆ ಟೈರ್ ಬದಲಾದಾಗ ಮತ್ತೆ ಮಾಡಬೇಕಾಗುತ್ತದೆ. ಅದಾದ ಮೇಲೆ ಬ್ರೇಕ್ ಬಿಸಿಯಾಗುವಷ್ಟು ದೂರ ಒಂದು ಓಟ, ವಾಪಸ್ ಬಂದು ಹ್ಯಾಂಡಲ್ ನಟ್, ಸ್ಪೋಕ್, ಚೈನ್ ಮೂರನ್ನೂ ಇನ್ನೊಮ್ಮೆ ನೋಡುವುದು. ಹೊಸ ಭಾಗಗಳು ಕೂತುಕೊಳ್ಳುವಾಗ ಮೊದಲು ಸಡಿಲವಾಗುವುದು ಇವೇ.