ಹಪ್ಪಳ ಎಲ್ಲಿ ಹೋಯಿತು? ಹೊಸ ಓದುಗರಿಗೊಂದು ಪತ್ತೇದಾರಿ ಕತೆ: ಇದುವರೆಗಿನ ಕೆಲಸ

ಫೆಬ್ರವರಿ 7

ಮೊದಲ ಕರಡು ಮುಗಿಯಿತು. ಆರು ಭಾಗ, ಭಾಗಕ್ಕೆ ಸುಮಾರು ಇನ್ನೂರು ಪದ.

ನಮ್ಮೂರಿನ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಶನಿವಾರ ಮಧ್ಯಾಹ್ನ ಬರುವ ಎರಡನೇ, ಮೂರನೇ ತರಗತಿಯ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಅಲ್ಲಿನ ಕಪಾಟಿನಲ್ಲಿ ಪುಟಕ್ಕೆರಡು ಸಾಲಿನ ಚಿತ್ರಪುಸ್ತಕಗಳಿವೆ. ಅವು ಮುಗಿದರೆ ಒಮ್ಮೆಲೇ ಸಣ್ಣ ಅಕ್ಷರದ ದಪ್ಪ ಪುಸ್ತಕಗಳು. ನಡುವೆ ಕಾಲಿಡಲು ಮೆಟ್ಟಿಲಿಲ್ಲ. ಓದು ಇನ್ನೂ ಕಷ್ಟವಾಗಿರುವ ಮಗು ತಾನಾಗಿ ಮುಂದಿನ ಪುಟ ತಿರುಗಿಸಬೇಕಾದರೆ ಅದಕ್ಕೊಂದು ಬಲವಾದ ಕಾರಣ ಬೇಕು. ‘ಯಾರು ಮಾಡಿದ್ದು?’ ಎಂಬುದಕ್ಕಿಂತ ಬಲವಾದ ಕಾರಣ ನನಗೆ ತೋಚಲಿಲ್ಲ.

ಕತೆ ಇಷ್ಟು. ಬಲಿತ ಹಲಸಿನ ತೊಳೆ ಬೇಯಿಸಿ, ರುಬ್ಬಿ, ಅಜ್ಜಿ ಹಪ್ಪಳ ಒತ್ತಿ ಅಂಗಳದ ಚಾಪೆಯ ಮೇಲೆ ಒಣಗಿಸುತ್ತಾರೆ. ದಿನವೂ ಎರಡು ಮೂರು ಹಪ್ಪಳ ಕಾಣೆ. ಕಮಲ ಎಂಬ ಹುಡುಗಿ ಕಾವಲು ಕೂರುತ್ತಾಳೆ. ಮಂಗವೇ? ಮಂಗ ಬಂದಿದ್ದರೆ ಚಾಪೆಯೇ ಮಗುಚಿರುತ್ತಿತ್ತು. ಕಾಗೆಯೇ? ಕಾಗೆ ಕುಕ್ಕಿದ್ದರೆ ಚೂರು ಉಳಿಯುತ್ತಿತ್ತು. ತಮ್ಮನೇ? ಅವನಿಗೆ ಖಾರ ಆಗದು. ಕಡೆಗೆ ಅವಳ ಕಣ್ಣಿಗೆ ಬೀಳುವುದು ಒಂದೇ ಸಂಗತಿ: ಗಟ್ಟಿಯಾಗಿ ಒಣಗಿದ ಹಪ್ಪಳವನ್ನು ಯಾರೂ ಮುಟ್ಟಿಲ್ಲ, ಆ ಬೆಳಗ್ಗೆ ಒತ್ತಿದ ಹಸಿ ಹಪ್ಪಳ ಮಾತ್ರ ಹೋಗಿದೆ. ತಿಂದದ್ದು ಅಜ್ಜ. ಅವರಿಗೆ ಹಲ್ಲಿಲ್ಲ, ಕರಿದ ಹಪ್ಪಳ ಕಡಿಯಲಾಗದೆ ಎಷ್ಟೋ ವರ್ಷವಾಯಿತು. ಇದರ ಸುಳಿವು ಮೊದಲ ಪುಟದಲ್ಲೇ ಇದೆ: ಅಜ್ಜ ಕವಳವನ್ನು, ಅಂದರೆ ಎಲೆ-ಅಡಿಕೆಯನ್ನು, ಕುಟ್ಟಾಣಿ ಎಂಬ ಪುಟ್ಟ ಒರಳಿನಲ್ಲಿ ಕುಟ್ಟಿಕೊಂಡು ಹಾಕುತ್ತಾರೆ.

ಫೆಬ್ರವರಿ 21

ಎರಡು ವಾರ ಬರೀ ಪದಗಳ ಕೆಲಸ.

ಅಮೆರಿಕದಲ್ಲಿ ಗರ್ಟ್ರೂಡ್ ಚಾಂಡ್ಲರ್ ವಾರ್ನರ್ ಎಂಬ ಒಂದನೇ ತರಗತಿಯ ಶಿಕ್ಷಕಿ ಅನಾಥ ಮಕ್ಕಳ ಕತೆಯೊಂದನ್ನು 1924ರಲ್ಲಿ ಬರೆದು, ಹೊಸ ಓದುಗರಿಗಾಗಿ 1942ರಲ್ಲಿ ಅದನ್ನೇ ಸರಳ ಪದಗಳಲ್ಲಿ ಮತ್ತೆ ಬರೆದರು. ಅದೇ ಮುಂದೆ ಮಕ್ಕಳ ಪತ್ತೇದಾರಿ ಮಾಲೆಯಾಗಿ ಬೆಳೆಯಿತು. ಅಂಥ ಪುಸ್ತಕಗಳಲ್ಲಿ ಪದಗಳ ಪಟ್ಟಿ ಮಾಡಿಕೊಂಡು ಅದರೊಳಗೇ ಬರೆಯುವ ಕ್ರಮವಿದೆ. ನಾನೂ ಹಾಗೆಯೇ ಆರಂಭಿಸಿದೆ, ಮೂರೇ ದಿನದಲ್ಲಿ ಕೈಬಿಟ್ಟೆ. ಕನ್ನಡದಲ್ಲಿ ‘ಮನೆ’ ಒಂದೇ ಪದವಲ್ಲ. ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಮಗುವಿಗೆ ಅರ್ಥ ಗೊತ್ತು, ಕಿವಿಗೆ ಪರಿಚಯವಿದೆ, ಆದರೆ ಕಣ್ಣಿಗೆ ಉದ್ದ. ಆದ್ದರಿಂದ ನಮ್ಮಲ್ಲಿ ಎಣಿಸಬೇಕಾದದ್ದು ಪದಗಳನ್ನಲ್ಲ, ಅಕ್ಷರಗಳನ್ನು ಮತ್ತು ಒತ್ತುಗಳನ್ನು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ, ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಕ್ರಮದಲ್ಲಿ ನಡೆಯುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಐದು ಅಕ್ಷರ ಕಲಿತ ಕೂಡಲೇ ಮಗು ‘ಅರಸ’, ‘ಗರಗಸ’ ಎಂದು ಓದಿಬಿಡಬಹುದು. ಕಲಿತದ್ದರಿಂದ ತಕ್ಷಣ ಏನಾದರೂ ಸಿಗಬೇಕು ಎಂಬ ಈ ಯೋಚನೆ ನನಗೆ ಬಹಳ ಇಷ್ಟ. ನನ್ನ ಓದುಗರು ಈ ಹಂತ ದಾಟಿ ಕಾಗುಣಿತವನ್ನೂ ಮುಗಿಸಿದವರು. ಅವರು ಎಡವುವುದು ಒತ್ತಕ್ಷರದಲ್ಲಿ. ಅದರಲ್ಲೂ ‘ಅಪ್ಪ’, ‘ಬೆಕ್ಕು’, ‘ಬೆಲ್ಲ’ಗಳಲ್ಲಿರುವ ಸಜಾತಿ ಒತ್ತು ಬೇಗ ಒಗ್ಗುತ್ತದೆ, ‘ಪುಸ್ತಕ’, ‘ಅಗ್ನಿ’ಗಳಂಥ ವಿಜಾತಿ ಒತ್ತು ತಡವಾಗಿ. ಅರ್ಕಾವೊತ್ತು ಇನ್ನೂ ಕಠಿಣ: ಬರೆಯುವುದು ಆಮೇಲೆ, ಓದುವುದು ಮೊದಲು. ಹೀಗಾಗಿ ಸಜಾತಿ ಒತ್ತಿಗೆ ಮಿತಿಯಿಲ್ಲ, ವಿಜಾತಿ ಒತ್ತು ಪುಟಕ್ಕೆ ಒಂದೇ, ಅರ್ಕಾವೊತ್ತು ಬೇಡವೇ ಬೇಡ ಎಂದು ನಿಯಮ ಮಾಡಿಕೊಂಡೆ.

ಆಗ ಒಂದು ಸಂತೋಷ ಕಾದಿತ್ತು. ರಹಸ್ಯ, ಸಾಕ್ಷ್ಯ, ಪ್ರಕರಣ ಇವೆಲ್ಲ ನಿಯಮಕ್ಕೆ ಭಾರವಾದ ಪದಗಳು. ಆದರೆ ಗುಟ್ಟು, ಸುಳಿವು, ಜಾಡು, ಹೆಜ್ಜೆ, ಅನುಮಾನ, ಕಳ್ಳ? ಒಂದಾದರೂ ಕಷ್ಟವಿಲ್ಲ. ಕತೆಗೆ ಬೇಕಾದದ್ದೆಲ್ಲ ಮನೆಮಾತಿನಲ್ಲೇ ಇತ್ತು. ‘ಅಜ್ಜ’, ‘ಅಜ್ಜಿ’, ‘ಹಪ್ಪಳ’ ಕೂಡ ಸಜಾತಿಯೇ!

ತೊಂದರೆ ಕೊಟ್ಟದ್ದು ಊಹೆಯ ಕ್ರಿಯಾಪದ. ‘ತೆಗೆದುಕೊಂಡಿರಬಹುದು’: ಒಂಬತ್ತು ಅಕ್ಷರ. ಊಹೆಯಿಲ್ಲದೆ ಪತ್ತೇದಾರಿ ಕತೆ ನಡೆಯುವುದು ಹೇಗೆ? ಕಡೆಗೆ ಎಲ್ಲ ಊಹೆಗಳನ್ನೂ ಪ್ರಶ್ನೆ ಮಾಡಿದೆ. ‘ಮಂಗ ತಿಂದಿತೇ?’ ಅಷ್ಟೇ. ಓದುವ ಮಗು ಕಮಲಳ ಜೊತೆ ತಾನೂ ಕೇಳುತ್ತದೆ, ತಾನೇ ಉತ್ತರ ಹೇಳುತ್ತದೆ.

ಮಾರ್ಚ್ 7

ಇಂದು ಮೊದಲ ಬಾರಿ ಮಕ್ಕಳ ಕೈಗೆ ಕೊಟ್ಟೆ. ನಾಲ್ವರು ಓದಿದರು. ಒಬ್ಬರಿಗೂ ಸುಳಿವು ಸಿಗಲಿಲ್ಲ. ಕೊನೆಯಲ್ಲಿ ಅಜ್ಜ ಸಿಕ್ಕಿಬಿದ್ದಾಗ ‘ಓ’ ಎಂದರು, ಅಷ್ಟೇ. ಮನೆಗೆ ಬಂದು ಬಹಳ ಹೊತ್ತು ಅದನ್ನೇ ಯೋಚಿಸಿದೆ.

ಸುಳಿವಿನ ಸಾಲು ಹೀಗಿತ್ತು: ‘ಅಜ್ಜ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತ ಪತ್ರಿಕೆ ಓದುತ್ತಿದ್ದರು.’ ಪುಟದ ಏಕೈಕ ವಿಜಾತಿ ಒತ್ತು ಈ ಸಾಲಿಗೇ ಬಂದು ಕೂತಿತ್ತು. ಒಬ್ಬ ಹುಡುಗ ‘ಪತಿ... ಪತರಿ... ಪತ್ರಿಕೆ’ ಎಂದು ಮೂರು ಬಾರಿ ಪ್ರಯತ್ನಿಸಿ ಗೆದ್ದ. ಗೆದ್ದ ಖುಷಿಯಲ್ಲಿ ಕುಟ್ಟಾಣಿ ಮರೆತೇ ಹೋಯಿತು. ಅಕ್ಷರ ಬಿಡಿಸುವುದರಲ್ಲಿ ಮುಳುಗಿದ ಮನಸ್ಸಿನಲ್ಲಿ ಸುಳಿವು ಉಳಿಯಲು ಜಾಗವಿರುವುದಿಲ್ಲ. ಸುಳಿವನ್ನು ಮಗು ಕಾಣದಿದ್ದರೆ ಅದು ಮಗುವಿನ ಸೋಲಲ್ಲ, ನಾನು ಮಾಡಿದ ಮೋಸ. ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಓದಿಸಿಕೊಳ್ಳಬೇಕಾದ ಸಾಲು ಸುಳಿವಿನದೇ.

ಹಾಗಾದರೆ ಅದನ್ನು ಬಚ್ಚಿಡುವುದು ಹೇಗೆ? ದೊಡ್ಡವರ ಕತೆಯಲ್ಲಿ ಉದ್ದ ವಾಕ್ಯದ ನಡುವೆ ಹುದುಗಿಸುತ್ತಾರೆ. ಇಲ್ಲಿ ಆ ದಾರಿ ಮುಚ್ಚಿದೆ.

ಮಾರ್ಚ್ 14

ದಾರಿ ಸಿಕ್ಕಿತು: ಸುಳಿವನ್ನು ಅದರಂಥವೇ ಸುಲಭ ಸಾಲುಗಳ ನಡುವೆ ಇಡುವುದು. ಮೊದಲ ಪುಟ ಈಗ ಬೆಳಗಿನ ಸದ್ದುಗಳ ಪುಟ.

ಚೊಂಯ್! ಅಮ್ಮ ದೋಸೆ ಹೊಯ್ದರು.
ಅಂಬಾ! ದನ ಕೂಗಿತು.
ಟಕ ಟಕ! ಅಜ್ಜ ಅಡಿಕೆ ಕುಟ್ಟಿದರು.
ಕಾ ಕಾ! ಕಾಗೆ ಬಂತು.

‘ಟಕ್ ಟಕ್’ ಎಂದು ಬರೆದಿದ್ದೆ. ಕೊನೆಯ ಅರ್ಧಾಕ್ಷರ ತೊಡಕಾಗಿ ‘ಟಕ ಟಕ’ ಆಯಿತು. ‘ಚೊಂಯ್’ ಮತ್ತು ‘ಹೊಯ್ದರು’ ಇನ್ನೂ ತೊಡಕೇ, ಬದಲಿಸಬೇಕು. ಅಡಿಕೆಯ ಸದ್ದು ಎರಡನೇ ಭಾಗದಲ್ಲೂ ನಾಲ್ಕನೇ ಭಾಗದಲ್ಲೂ ಮರಳಿ ಬರುತ್ತದೆ. ನಾಲ್ಕನೆಯದರಲ್ಲಿ ಅದು ಒಂದು ಗಳಿಗೆ ನಿಲ್ಲುತ್ತದೆ. ಆ ಹೊತ್ತಿಗೇ ಹಪ್ಪಳ ಕಾಣೆ.

ಮಾರ್ಚ್ 28

ಇನ್ನೊಂದು ಗಂಟು. ಮೂರನೇ ಭಾಗದಲ್ಲಿ ‘ಅಂಗಳಕ್ಕೆ ಯಾರೋ ಬಂದರು’ ಎಂದು ಬರೆದಿದ್ದೆ. ಮೂರನೇ ತರಗತಿಯ ಹುಡುಗಿ ಕೂಡಲೇ ಹೇಳಿದಳು: “ಹಾಗಾದರೆ ದೊಡ್ಡವರೇ. ತಮ್ಮ ಆಗಿದ್ದರೆ ‘ಬಂದ’ ಅನ್ನಬೇಕಿತ್ತು, ಮಂಗ ಆಗಿದ್ದರೆ ‘ಬಂತು’ ಅನ್ನಬೇಕಿತ್ತು.”

‘ಯಾರೋ’ ಎಂದಾಗ ಬಹುವಚನ ಬರುವುದು ಸಹಜ ಎಂದು ವಿವರಿಸಬಹುದಿತ್ತು. ವಿವರಿಸಲಿಲ್ಲ, ಅವಳ ತರ್ಕ ಅಷ್ಟು ಚೆನ್ನಾಗಿತ್ತು. ನಮ್ಮ ಕ್ರಿಯಾಪದದ ತುದಿ ಬಂದದ್ದು ಗಂಡೋ ಹೆಣ್ಣೋ ಪ್ರಾಣಿಯೋ ಹಿರಿಯರೋ ಎಂಬುದನ್ನು ಹೇಳಿಬಿಡುತ್ತದೆ. ಕಳ್ಳನನ್ನು ಮರೆಸಬೇಕಾದ ಕತೆಗೆ ಇದು ದೊಡ್ಡ ಸವಾಲು. ಈಗ ಆ ಸಾಲಿನಲ್ಲಿ ಮನುಷ್ಯರೇ ಇಲ್ಲ: ‘ಒಣ ಎಲೆ ಚರಚರ ಎಂದಿತು. ನೆರಳು ಸರಿಯಿತು.’

ಚಿತ್ರ ಬರೆಯುತ್ತಿರುವ ಗೆಳತಿ ಐದು ಚಿತ್ರ ಕಳಿಸಿದ್ದಾಳೆ. ಕುಟ್ಟಾಣಿ ನೋಡಿದರೆ ಕೈಯಿಂದ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಆ ವಸ್ತುವೇ ಗೊತ್ತಿರಲಿಲ್ಲ, ಚಿತ್ರ ನೋಡಿ “ಇದರಲ್ಲಿ ಯಾಕೆ ಕುಟ್ಟಬೇಕು, ಹಾಗೇ ತಿನ್ನಬಾರದೇ?” ಎಂದಳು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಮೂರನೇ ಚಿತ್ರದಲ್ಲಿ ಅಜ್ಜ ನಗುತ್ತಿದ್ದಾರೆ, ಸಾಲು ಸಾಲು ಹಲ್ಲು ಕಾಣುತ್ತಿದೆ. ಚಿತ್ರ ಸುಳ್ಳು ಹೇಳಿದರೆ ಕತೆಯೇ ಕೆಟ್ಟಿತು. ಅದನ್ನು ಮತ್ತೆ ಬರೆಯುತ್ತಿದ್ದಾಳೆ.

ಪುಟ ಕೂರಿಸುವಾಗ ಸಾಲುಗಳ ನಡುವಿನ ಜಾಗ ಹೆಚ್ಚಿಸಿದೆ. ಕೆಳಗೆ ಇಳಿಬೀಳುವ ಒತ್ತು ಮುಂದಿನ ಸಾಲಿಗೆ ತಗುಲುವಂತಿದ್ದರೆ ಮಕ್ಕಳು ಅದನ್ನು ಕೆಳಗಿನ ಅಕ್ಷರಕ್ಕೆ ಸೇರಿಸಿ ಓದುತ್ತಾರೆ. ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿಯೂ ಒಡೆದಿಲ್ಲ. ಪುಟಕ್ಕೆ ಆರೇ ಸಾಲು.

ಏಪ್ರಿಲ್ 4

ಪುಸ್ತಕದ ಹೆಸರು ‘ಹಪ್ಪಳದ ಕಳ್ಳ’ ಎಂದಿತ್ತು. ಇಂದು ಓದಿದ ಒಬ್ಬ ಹುಡುಗ ಮುಖ ಸಣ್ಣದು ಮಾಡಿಕೊಂಡು, “ಅಜ್ಜ ಕಳ್ಳ ಅಲ್ಲ. ಅವರ ಮನೆಯ ಹಪ್ಪಳವೇ ಅಲ್ಲವೇ?” ಎಂದ. ಅವನ ಮಾತು ಸರಿ. ಹೆಸರು ಬದಲಾಯಿತು: ‘ಹಪ್ಪಳ ಎಲ್ಲಿ ಹೋಯಿತು?’ ಕೊನೆಯ ಭಾಗವನ್ನೂ ಬದಲಿಸುತ್ತಿದ್ದೇನೆ. ಅಜ್ಜನನ್ನು ಎಲ್ಲರೆದುರು ಹಿಡಿದು ನಿಲ್ಲಿಸುವ ದೃಶ್ಯ ಹೋಯಿತು. ಕಮಲ ಯಾರಿಗೂ ಹೇಳುವುದಿಲ್ಲ. ಮರುದಿನ ಚಾಪೆಯ ನೆರಳಿನ ತುದಿಯಲ್ಲಿ, ಬೇಗ ಒಣಗದ ಕಡೆ, ಮೂರು ಹಪ್ಪಳ ಬೇರೆಯಾಗಿ ಇಡುತ್ತಾಳೆ.

ಇಂದು ಐವರು ಓದಿದರು. ನಾಲ್ಕನೇ ಭಾಗದಲ್ಲಿ ‘ಟಕ ಟಕ ನಿಂತಿತು’ ಎಂಬ ಸಾಲಿಗೆ ಬಂದಾಗ, ಮಾರ್ಚ್‌ನಲ್ಲಿ ‘ಪತ್ರಿಕೆ’ಯೊಡನೆ ಸೆಣಸಿದ್ದ ಅದೇ ಹುಡುಗ ಓದು ನಿಲ್ಲಿಸಿದ. ಪುಟಗಳನ್ನು ಹಿಂದಕ್ಕೆ ತಿರುವಿದ. ಮೊದಲ ಪುಟದ ಮೂರನೇ ಸಾಲಿನ ಮೇಲೆ ಬೆರಳಿಟ್ಟು, ಬೇರೆಯವರಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ “ಅಜ್ಜ” ಎಂದ.

ಮುಂದಿನ ಶನಿವಾರದೊಳಗೆ ಆರನೇ ಭಾಗ ಮತ್ತೆ ಬರೆಯಬೇಕು. ಹಲ್ಲಿಲ್ಲದ ನಗುವಿನ ಚಿತ್ರವೂ ಬರಬೇಕಿದೆ.