ಸೂಚನಾ ಫಲಕದ ಮೇಲಿನ ಇಪ್ಪತ್ತು ಹೆಸರುಗಳು

ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕ. ಎಂಟನೇ ತರಗತಿಯ ಮಕ್ಕಳನ್ನು ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಗೆ ಸಿದ್ಧಪಡಿಸುವ ಹೊಣೆಯನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದ ವರ್ಷ, ಜುಲೈ ಮೊದಲ ವಾರದಲ್ಲೇ 64 ಮಕ್ಕಳಿಗೂ ಒಂದು ಕಿರುಪರೀಕ್ಷೆ ನಡೆಸಿ, ಮೊದಲ 20 ಹೆಸರುಗಳನ್ನು ಟೈಪ್ ಮಾಡಿಸಿ, ‘ವಿಶೇಷ ತರಗತಿಗೆ ಆಯ್ಕೆಯಾದವರು’ ಎಂಬ ತಲೆಬರಹದೊಂದಿಗೆ ಸೂಚನಾ ಫಲಕಕ್ಕೆ ಅಂಟಿಸಿದೆ. ಶಾಲೆ ಬಿಟ್ಟ ಮೇಲೆ 4.30ರಿಂದ 5.30ರವರೆಗೆ ಪ್ರಯೋಗಾಲಯದಲ್ಲಿ ಪಾಠ. ಹಳೆಯ ವಿದ್ಯಾರ್ಥಿಯೊಬ್ಬರು ಆ 20 ಮಕ್ಕಳಿಗೆ ಗೈಡು ಕೊಡಿಸಿ, ಸಂಜೆಯ ಬಾಳೆಹಣ್ಣು, ಬಿಸ್ಕತ್ತಿನ ಖರ್ಚನ್ನೂ ವಹಿಸಿಕೊಂಡರು.

ಹದಿನೈದು ದಿನ ಕಳೆಯುವುದರೊಳಗೆ ಮಕ್ಕಳ ಬಾಯಲ್ಲಿ ಪ್ರಯೋಗಾಲಯಕ್ಕೆ ‘ಜಾಣರ ರೂಮು’ ಎಂಬ ಹೆಸರು ಬಿದ್ದಿತ್ತು. ಮಕ್ಕಳ ಮಾತು ಮಕ್ಕಳಲ್ಲೇ ಮುಗಿಯುತ್ತದೆ ಎಂದುಕೊಂಡೆ. ಆದರೆ ಪೋಷಕರ ಸಭೆಯಲ್ಲಿ ಆಯ್ಕೆಯಾದವರ ಅಪ್ಪ ಅಮ್ಮಂದಿರು ಮುಂದಿನ ಬೆಂಚುಗಳಲ್ಲಿ ಒಟ್ಟಾಗಿ ಕುಳಿತರು. ಉಳಿದವರಲ್ಲಿ ಹಲವರು ಒಳಗೇ ಬರದೆ ಬಾಗಿಲ ಬಳಿ ನಿಂತರು. ನಮ್ಮಲ್ಲಿ ಬಿಸಿಯೂಟದ ಅಡುಗೆ ಮಾಡುವವರ ಮಗಳು ಎರಡು ಅಂಕಗಳಿಂದ ಪಟ್ಟಿ ತಪ್ಪಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಆ ತಾಯಿ ನನ್ನ ತಟ್ಟೆಗೆ ಸಾರು ಬಡಿಸುತ್ತ, ತಲೆ ಎತ್ತದೆಯೇ, “ಬಾಳೆಹಣ್ಣನ್ನಾದ್ರೂ ಎಲ್ಲಾರ್ಗೂ ಕೊಡ್ಬೋದಿತ್ತು ಸಾರ್, ಅದ್ಕೂ ಪರೀಕ್ಷೆ ಬೇಕಿತ್ತಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಊಟ ಮಾಡಿ ಎದ್ದೆ.

ಈ ವಿದ್ಯಾರ್ಥಿವೇತನದ ಉದ್ದೇಶವನ್ನು ನಾನು ಮತ್ತೊಮ್ಮೆ ಓದಿದ್ದು ಆಮೇಲೆ. ಕೇಂದ್ರ ಸರ್ಕಾರ 2008ರಲ್ಲಿ ಇದನ್ನು ತಂದದ್ದು ಬಡ ಮನೆಗಳ ಮಕ್ಕಳು ಎಂಟನೇ ತರಗತಿಗೇ ಶಾಲೆ ಬಿಡುವುದನ್ನು ತಡೆಯಲು. ಗೆದ್ದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಬಂದಿರಬೇಕು, ಪರಿಶಿಷ್ಟರಿಗೆ ಶೇ. 5ರ ವಿನಾಯಿತಿ. ಸರ್ಕಾರ ಇಟ್ಟ ಬಾಗಿಲು ಇಷ್ಟು ಅಗಲ. ಅದರ ಮುಂದೆ ಇನ್ನೊಂದು ಕಿರಿದಾದ ಬಾಗಿಲನ್ನು ಕೂರಿಸಿದವನು ನಾನು.

ಹಾಜರಿ ಪುಸ್ತಕವನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಏಳು ಮಂದಿ ಪಟ್ಟಿಯಲ್ಲಿದ್ದರೂ ಆರು ಮಂದಿ ಮೊದಲ ವಾರದಲ್ಲೇ ತರಗತಿ ಬಿಟ್ಟಿದ್ದರು. ಅವರ ಊರ ಕಡೆಯ ಕೊನೆಯ ಬಸ್ಸು 4.50ಕ್ಕೆ ಹೊರಡುತ್ತಿತ್ತು. ‘ಆಸಕ್ತಿಯಿಲ್ಲ’ ಎಂದು ನಾನೇ ಷರಾ ಬರೆದಿದ್ದೆ. ಒಬ್ಬರನ್ನು ಬಿಟ್ಟರೆ, ಉಳಿದು ಕಲಿಯುತ್ತಿದ್ದವರೆಲ್ಲ ಊರೊಳಗಿನ ಅಂಗಡಿ, ಸೊಸೈಟಿ, ಕಚೇರಿಗಳ ಮನೆಯವರು. ಅವರಲ್ಲಿ ಮೂವರಿಗೆ ಆದಾಯದ ಮಿತಿಯಿಂದಾಗಿ ಅರ್ಜಿಯನ್ನೇ ಹಾಕಲಾಗುತ್ತಿರಲಿಲ್ಲ. ಬುದ್ಧಿಯನ್ನು ಅಳೆದೆನೆಂದು ನಾನು ನಂಬಿದ್ದೆ. ನನ್ನ ವೇಳಾಪಟ್ಟಿ ಅಳೆದದ್ದು ಮನೆಗೂ ಶಾಲೆಗೂ ನಡುವಿನ ದೂರವನ್ನು.

ಪಟ್ಟಿಯನ್ನು ತೆಗೆದು, ತರಗತಿಯನ್ನು ಬೆಳಿಗ್ಗೆ 9 ಗಂಟೆಗೆ ಬದಲಾಯಿಸಿ, ಅರ್ಹರಾದ ಎಲ್ಲರೂ ಬರಬಹುದೆಂದು ಸಾರಿದಾಗ ಎದುರಾದ ಸಿಟ್ಟಿಗೆ ನಾನು ಸಿದ್ಧನಿರಲಿಲ್ಲ. ದಿನಸಿ ಅಂಗಡಿಯವರೊಬ್ಬರು ನೇರವಾಗಿ ಕೇಳಿದರು: “ಖಾಸಗಿ ಶಾಲೆ ಬಿಡಿಸಿ ನಿಮ್ಮನ್ನ ನಂಬಿ ಇಲ್ಲಿಗೆ ಹಾಕಿದ್ದೀನಿ ಮೇಷ್ಟ್ರೇ, ಈಗ ಐವತ್ತು ಜನರ ಮಧ್ಯೆ ನನ್ನ ಮಗನಿಗೆ ಏನು ಹೇಳಿಕೊಡ್ತೀರಿ?” ಇದನ್ನು ಅಹಂಕಾರವೆಂದು ಪಕ್ಕಕ್ಕೆ ಸರಿಸುವುದು ಸುಲಭ, ಸಹೋದ್ಯೋಗಿಗಳಲ್ಲಿ ಕೆಲವರು ಹಾಗೆಯೇ ಮಾಡಿದರು. ನನಗೆ ಮಾತ್ರ ಅದರಲ್ಲಿ ನ್ಯಾಯ ಕಂಡಿತು. ಸಂಖ್ಯಾಶ್ರೇಢಿ, ಸಂಕೇತ ಭಾಷೆಗಳ ಲೆಕ್ಕಗಳನ್ನು ಆ ಹುಡುಗ ನಾನು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಬಿಡಿಸಿಬಿಡುತ್ತಿದ್ದ, ಮಿಕ್ಕ ಹೊತ್ತು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಅವನಿಗೂ ಅವನ ವೇಗಕ್ಕೆ ತಕ್ಕ ಪಾಠ ಸಲ್ಲಬೇಕಿತ್ತು.

ಹಾಗಾಗಿ ಶನಿವಾರಗಳಂದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವ ಒಂದು ಕಠಿಣ ತರಗತಿಯನ್ನು ಬೇರೆಯಾಗಿಯೇ ಉಳಿಸಿಕೊಂಡೆ. ಬೌದ್ಧಿಕ ಸಾಮರ್ಥ್ಯದ್ದು 90 ಪ್ರಶ್ನೆ, ವಿಷಯ ಜ್ಞಾನದ್ದು 90, ಒಂದೊಂದಕ್ಕೂ 90 ನಿಮಿಷ. ಈ ಓಟಕ್ಕೆ ಅಭ್ಯಾಸ ಬೇಕೇ ಬೇಕು. ಆದರೆ ಅದಕ್ಕೆ ಹೆಸರುಗಳ ಪಟ್ಟಿಯಿಲ್ಲ, ಯಾವ ಶನಿವಾರ ಯಾರು ಬೇಕಾದರೂ ಬಂದು ಕೂರಬಹುದು, ಕಷ್ಟವೆನಿಸಿದರೆ ಮರುವಾರ ಬಿಡಬಹುದು. ಗೈಡುಗಳು ಗ್ರಂಥಾಲಯದ ಬೀರುವಿಗೆ ಹೋದವು. ಬಾಳೆಹಣ್ಣಿನ ಬಾಬತ್ತನ್ನು ನಿಲ್ಲಿಸಿಯೇಬಿಟ್ಟೆವು, ಎಲ್ಲರಿಗೂ ಹಂಚುವಷ್ಟು ದುಡ್ಡಿರಲಿಲ್ಲ.

ಎರಡು ಬಣಗಳೂ ಒಂದಾದವು ಎಂದು ಬರೆದರೆ ಸುಳ್ಳಾದೀತು. ಅಂಗಡಿಯವರ ಮಗನಿಗೆ ವಿದ್ಯಾರ್ಥಿವೇತನ ಬಂತು, ಅವರು ಈಗಲೂ ನನ್ನೊಡನೆ ಅಳೆದು ತೂಗಿ ಮಾತಾಡುತ್ತಾರೆ. ಅಡುಗೆಯವರ ಮಗಳು ಪರೀಕ್ಷೆ ಬರೆದಳು, ಆಯ್ಕೆಯಾಗಲಿಲ್ಲ. ಈ ಜೂನ್‌ನಲ್ಲಿ ಅಡುಗೆಯವರ ಮಗ ಎಂಟನೇ ತರಗತಿಗೆ ಬಂದ. ಶಾಲೆ ಶುರುವಾದ ಮೂರನೇ ದಿನವೇ ಆಕೆ ಕೈ ಒರೆಸಿಕೊಳ್ಳುತ್ತ ಅಡುಗೆ ಕೋಣೆಯಿಂದ ಹೊರಬಂದು, ಸೆರಗಿನ ಗಂಟಿನಿಂದ ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಬಿಚ್ಚಿ ನನ್ನ ಕೈಗಿಟ್ಟು, “ತಾರೀಖು ಸರಿಯಾಗೈತಾ ನೋಡಿ ಸಾರ್” ಎಂದರು.